ಅಪಘಾತ, ಪರಿಹಾರ ಮತ್ತು ವಕೀಲಿ ಕಸುಬು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಾಲಿನ ದರ, ಪಶು ಆಹಾರ, ಮೇವಿನ ಬೀಜ, ಕೃತಕ ಗರ್ಭಧಾರಣೆ, ಇವುಗಳ ವಿಚಾರ ಇವತ್ತು ಬೇರೆಯವರು ಮಾತಾಡಿದ್ದಾರೆ. ನಮಗೆ ಆಡಳಿತ ಮಂಡಳಿ ಕೊಟ್ಟ ವಿಷಯ ಬೇರೆ. ಪ್ರತಿ ವರ್ಷ ನಮ್ಮ ಸರ್ವಸದಸ್ಯರ ಸಭೆ ಶುರುವಾಗೋದು ಶ್ರದ್ಧಾಂಜಲಿಯಿಂದ. ಆ ವರ್ಷ ತೀರಿಕೊಂಡ ಸದಸ್ಯರ ಹೆಸರು ಓದಿ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುತ್ತೇವೆ. ಸಂಘ ಶುರುವಾದ ಮೊದಲ ವರ್ಷಗಳಲ್ಲಿ ಆ ಪಟ್ಟಿಯಲ್ಲಿ ಇರುತ್ತಿದ್ದದ್ದು ವಯಸ್ಸಾಗಿ ಹೋದವರ ಹೆಸರು. ಈಗ ನೋಡಿ, ಮೂವತ್ತು, ನಲವತ್ತರ ಪ್ರಾಯದವರ ಹೆಸರೂ ಬರ್ತಾ ಇದೆ. ಕಾಯಿಲೆಯಿಂದಲ್ಲ, ರಸ್ತೆಯಿಂದ. ಪಟ್ಟಿಯಲ್ಲಿ ಬಾರದೆ ಕಾಲು, ಕೈ, ಸೊಂಟ ಕಳೆದುಕೊಂಡು ಮನೆ ಜಗಲಿ ಮೇಲೆ ಕೂತವರು ಬೇರೆ. ಅವರಿಗೆ, ಅವರ ಹೆಂಡತಿ ಮಕ್ಕಳಿಗೆ ಕಾನೂನಿನಲ್ಲಿ ಏನು ದಾರಿ ಇದೆ, ಆ ದಾರಿಯಲ್ಲಿ ಕರೆದುಕೊಂಡು ಹೋಗುವ ವಕೀಲರ ಕಸುಬು ಎಂಥದ್ದು ಅನ್ನೋದೇ ನಮ್ಮ ಇವತ್ತಿನ ಮಾತು. ನಾವು ವಕೀಲರಲ್ಲ, ರೈತರು. ಆದರೆ ನಮ್ಮ ಸದಸ್ಯರ ಜೊತೆ ಕೋರ್ಟಿಗೆ ಓಡಾಡಿ ಕಲಿತದ್ದನ್ನು, ತಿಳಿದವರನ್ನು ಕೇಳಿ ಓದಿಕೊಂಡದ್ದನ್ನು ಹೇಳ್ತೀವಿ.

ನಮ್ಮ ಜಿಲ್ಲೆಯ ನಕ್ಷೆ ತೆಗೆದು ನೋಡಿ. ನೆಲಮಂಗಲದಿಂದ ತುಮಕೂರಿನ ಕಡೆ ಒಂದು ಹೆದ್ದಾರಿ, ಹಾಸನದ ಕಡೆ ಇನ್ನೊಂದು. ಹೊಸಕೋಟೆ ಮೇಲೆ ಕೋಲಾರದ ರಸ್ತೆ. ದೇವನಹಳ್ಳಿ ಮೇಲೆ ಹೈದರಾಬಾದ್ ರಸ್ತೆ. ಇವನ್ನೆಲ್ಲ ಅಡ್ಡಲಾಗಿ ಹೊಲಿದ ಹಾಗೆ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗೋ ರಸ್ತೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಕೈಗಾರಿಕಾ ಪ್ರದೇಶಗಳು ಬಂದವು, ಗೋದಾಮುಗಳು ಬಂದವು. ಹಿಂದೆ ಎತ್ತಿನ ಗಾಡಿ, ಕುರಿ ಮಂದೆ ಹೋಗುತ್ತಿದ್ದ ಕಡೆ ಈಗ ಹತ್ತು ಚಕ್ರ, ಹದಿನಾರು ಚಕ್ರದ ಲಾರಿಗಳು. ಊರು ಒಂದು ಕಡೆ, ಹೊಲ ಇನ್ನೊಂದು ಕಡೆ, ಮಧ್ಯೆ ರಸ್ತೆ. ಹಾಲಿನ ಕ್ಯಾನು ಹಿಡಿದುಕೊಂಡು ದಾಟಲೇಬೇಕು. ರಸ್ತೆ ಬೇಡ ಅನ್ನೋಕಾಗಲ್ಲ. ನಮ್ಮ ತರಕಾರಿ, ಹೂವು, ಹಾಲು ಹೋಗೋದೂ ಅದರ ಮೇಲೆಯೇ.

ಇನ್ನು ಕಾನೂನಿಗೆ ಬರೋಣ. ಒಬ್ಬರ ಅಜಾಗರೂಕತೆಯಿಂದ ಇನ್ನೊಬ್ಬರ ಮೈಗೆ ಪೆಟ್ಟಾದರೆ, ಪೆಟ್ಟು ಮಾಡಿದವರು ನಷ್ಟ ತುಂಬಿಕೊಡಬೇಕು. ಇದು ಜಗತ್ತಿನ ಎಲ್ಲ ಕಡೆ ಇರುವ ನ್ಯಾಯ. ಇಂಗ್ಲೆಂಡಿನಲ್ಲಿ ಇಂಥ ಕೇಸುಗಳನ್ನೇ ನಡೆಸುತ್ತಾ ಜೀವನ ಕಳೆಯುವ ಬ್ಯಾರಿಸ್ಟರುಗಳಿದ್ದಾರೆ. ಬ್ಯಾರಿಸ್ಟರ್ ಅಂದ ಕೂಡಲೇ ನಮಗೆ ಗಾಂಧೀಜಿ, ಅಂಬೇಡ್ಕರ್ ನೆನಪಾಗ್ತಾರೆ. ಇಬ್ಬರೂ ಲಂಡನ್ನಿನಲ್ಲಿ ಆ ಪದವಿ ಪಡೆದವರು. ಅಲ್ಲಿ ಎರಡು ಥರದ ವಕೀಲರು. ಕಕ್ಷಿದಾರರ ಜೊತೆ ಕೂತು ಕಾಗದ ಪತ್ರ ಸಿದ್ಧ ಮಾಡುವವರು ಸಾಲಿಸಿಟರ್. ಕೋರ್ಟಿನಲ್ಲಿ ನಿಂತು ವಾದ ಮಾಡುವವರು ಬ್ಯಾರಿಸ್ಟರ್. ನಮ್ಮಲ್ಲಿ 1961ರ ವಕೀಲರ ಕಾಯ್ದೆ ಬಂದ ಮೇಲೆ ಈ ಭೇದ ಇಲ್ಲ. ಕಾಗದ ನೋಡುವವರೂ ಅವರೇ, ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ ತರಿಸುವವರೂ ಅವರೇ, ಡಾಕ್ಟರನ್ನು ಸಾಕ್ಷಿಗೆ ಕರೆಸುವವರೂ ಅವರೇ, ವಾದ ಮಾಡುವವರೂ ಅವರೇ. ಅಂದರೆ ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ಅಪಘಾತದ ಕೇಸು ನಡೆಸುವ ಒಬ್ಬ ವಕೀಲರು, ಲಂಡನ್ನಿನಲ್ಲಿ ಇಬ್ಬರು ಮಾಡುವ ಕೆಲಸವನ್ನು ಒಬ್ಬರೇ ಮಾಡ್ತಾರೆ.

ಈ ಕಾನೂನು ಇವತ್ತಿನ ರೂಪಕ್ಕೆ ಬಂದದ್ದರಲ್ಲಿ ನಮ್ಮ ಕನ್ನಡ ನಾಡಿನ ಕರಿಕೋಟಿನವರ ಪಾಲು ದೊಡ್ಡದು. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀವಿ.

ಮೊದಲನೆಯವರು ಇ.ಎಸ್. ವೆಂಕಟರಾಮಯ್ಯನವರು. ಮಂಡ್ಯ ಜಿಲ್ಲೆಯ ಪಾಂಡವಪುರ ಸೀಮೆಯವರು. 1946ರಲ್ಲಿ ವಕೀಲಿಕೆ ಶುರು ಮಾಡಿ, ಹೈಕೋರ್ಟ್ ನ್ಯಾಯಮೂರ್ತಿಗಳಾಗಿ, 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಗಳಾದವರು. 1987ರಲ್ಲಿ ಗುಜರಾತಿನ ಒಂದು ಕೇಸು ಅವರ ಮುಂದೆ ಬಂತು. ಬಸ್ಸಿಗೆ ಸಿಕ್ಕಿ ಸತ್ತ ಹುಡುಗನ ಸೋದರರು ಪರಿಹಾರ ಕೇಳಿದ್ದರು. ಹೆಂಡತಿ, ಮಕ್ಕಳು, ತಂದೆ ತಾಯಿಗೆ ಬಿಟ್ಟರೆ ಅಣ್ಣ ತಮ್ಮಂದಿರಿಗೆ ಹಕ್ಕಿಲ್ಲ ಅಂತ ಎದುರು ಪಕ್ಷದ ವಾದ. ವೆಂಕಟರಾಮಯ್ಯನವರು ಅದನ್ನು ಒಪ್ಪಲಿಲ್ಲ. ನಮ್ಮ ದೇಶದ ಸಂಸಾರಗಳಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ, ಅಣ್ಣನ ಮಕ್ಕಳು, ಕೆಲವು ಕಡೆ ಸಾಕಿದ ಮಕ್ಕಳು ಕೂಡ ಒಂದೇ ಮನೆಯಲ್ಲಿ ದುಡಿಯುವವನನ್ನು ನಂಬಿಕೊಂಡಿರುತ್ತಾರೆ, ಅವರನ್ನು ಹೊರಗೆ ನಿಲ್ಲಿಸುವುದು ನ್ಯಾಯ ಅಲ್ಲ ಅಂತ ಬರೆದರು. ಕೂಡು ಕುಟುಂಬ ಅಂದರೆ ಏನು ಅಂತ ತಿಳಿದವರ ತೀರ್ಪು ಅದು.

ಎರಡನೆಯವರು ಎಂ.ಎನ್. ವೆಂಕಟಾಚಲಯ್ಯನವರು. ಮೈಸೂರಿನಲ್ಲಿ ಹುಟ್ಟಿ, 1951ರಲ್ಲಿ ಬೆಂಗಳೂರಿನಲ್ಲಿ ವಕೀಲರಾಗಿ, 1975ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ, 1993-94ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಕೇರಳ ಸಾರಿಗೆ ಸಂಸ್ಥೆಯ ಮೇಲೆ ಸೂಸಮ್ಮ ಥಾಮಸ್ ಎಂಬುವರು ಹೂಡಿದ್ದ ಕೇಸಿನಲ್ಲಿ ಅವರ ತೀರ್ಪು ಬಂದದ್ದು 1993ರಲ್ಲಿ. ಅದಕ್ಕೆ ಮುಂಚೆ ಒಂದೊಂದು ಕೋರ್ಟು ಒಂದೊಂದು ಲೆಕ್ಕ ಹಾಕುತ್ತಿತ್ತು. ಸತ್ತವರು ವರ್ಷಕ್ಕೆ ಮನೆಗೆ ಎಷ್ಟು ಕೊಡುತ್ತಿದ್ದರು ಅನ್ನೋದನ್ನು ಅವರ ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುವ ಗುಣಕ ಪದ್ಧತಿಯೇ ಸರಿ ಅಂತ ಅಲ್ಲಿ ಗಟ್ಟಿ ಮಾಡಿದರು. ಇನ್ನೊಂದು ಮಾತು ಅದೇ ತೀರ್ಪಿನಲ್ಲಿದೆ. ಮಕ್ಕಳಿಗೆ, ಓದುಬರಹ ಬಾರದವರಿಗೆ ಬಂದ ಪರಿಹಾರವನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸಬೇಕು, ಯಾರೋ ಬಂದು ಕಿತ್ತುಕೊಂಡು ಹೋಗುವ ಹಾಗೆ ಆಗಬಾರದು ಅಂತ. ಠೇವಣಿ ಇಟ್ಟಾಗ ನಮ್ಮ ದುಡ್ಡು ನಮಗೆ ಯಾಕೆ ಕೊಡಲ್ಲ ಅಂತ ನಮ್ಮವರು ಸಿಟ್ಟಾಗುತ್ತಾರೆ. ಅದರ ಹಿಂದಿನ ಕಾರಣ ಇದು.

ಮೂರನೆಯವರು ಆರ್.ವಿ. ರವೀಂದ್ರನ್ ಅವರು. 1968ರಲ್ಲಿ ವಕೀಲರಾದರು. ಇಪ್ಪತ್ತೈದು ವರ್ಷ ಕರ್ನಾಟಕದಲ್ಲಿ ವಕೀಲಿ ಮಾಡಿ 1993ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗಳಾದರು. 2005ರಿಂದ 2011ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದರು. ಇವತ್ತು ನಮ್ಮ ನೆಲಮಂಗಲ, ಹೊಸಕೋಟೆ ಕೋರ್ಟುಗಳಲ್ಲಿ ಅಪಘಾತದ ಕೇಸಿನಲ್ಲಿ ದಿನಾ ಕೇಳುವ ಹೆಸರು ಸರಳಾ ವರ್ಮಾ. ಅದು 2009ರಲ್ಲಿ ರವೀಂದ್ರನ್ ಅವರು ಬರೆದ ತೀರ್ಪು. ಯಾವ ವಯಸ್ಸಿಗೆ ಯಾವ ಗುಣಕ ಅಂತ ಪಟ್ಟಿ ಕೊಟ್ಟರು. 26ರಿಂದ 30 ವಯಸ್ಸಿಗೆ 17, 36ರಿಂದ 40ಕ್ಕೆ 15, 46ರಿಂದ 50ಕ್ಕೆ 13, 56ರಿಂದ 60ಕ್ಕೆ 9. ಈಗ ಇಡೀ ದೇಶದಲ್ಲಿ ಅದೇ ಪಟ್ಟಿ.

ಗಾಯಾಳುಗಳ ವಿಚಾರದಲ್ಲಿ ರವೀಂದ್ರನ್ ಅವರ 2010ರ ಇನ್ನೊಂದು ತೀರ್ಪು ಇದೆ, ರಾಜ್‌ಕುಮಾರ್ ಕೇಸು ಅಂತ. ಡಾಕ್ಟರು ಕೊಡುವ ಶೇಕಡಾವಾರು ಅಂಗವೈಕಲ್ಯವೇ ಬೇರೆ, ಅದರಿಂದ ದುಡಿಮೆಗೆ ಆಗುವ ನಷ್ಟವೇ ಬೇರೆ ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಒಂದು ಕೈ ಹೋದರೆ ವೈದ್ಯರ ಲೆಕ್ಕದಲ್ಲಿ ಸುಮಾರು 60 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. ಮರಗೆಲಸದವನಿಗೆ, ಡ್ರೈವರಿಗೆ ಅದು ನೂರಕ್ಕೆ ನೂರು ನಷ್ಟ. ಕಚೇರಿಯಲ್ಲಿ ಗುಮಾಸ್ತರಾಗಿದ್ದರೆ ಕೆಲಸ ಮುಂದುವರಿಸಬಹುದು. ನಮ್ಮ ಪಾಡು ಯೋಚನೆ ಮಾಡಿ. ಮೊಣಕಾಲು ಮಡಚಲು ಆಗದೆ ಹೋದರೆ ಹಾಲು ಕರೆಯಲು ಕೂರಕ್ಕಾಗಲ್ಲ, ಕಳೆ ತೆಗೆಯಕ್ಕಾಗಲ್ಲ, ಗುದ್ದಲಿ ಹಿಡಿಯಕ್ಕಾಗಲ್ಲ. ಕಾಗದದಲ್ಲಿ ಅದು 20 ಪರ್ಸೆಂಟ್ ಅಂತ ಇರುತ್ತೆ. ಬದುಕಿನಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಈ ವ್ಯತ್ಯಾಸವನ್ನು ಕೋರ್ಟಿಗೆ ಮನದಟ್ಟು ಮಾಡಿಸುವುದೇ ಒಳ್ಳೆಯ ವಕೀಲರ ಕೆಲಸ.

ಈಗ ಲೆಕ್ಕ ಹೇಗೆ ಅಂತ ಒಂದು ಉದಾಹರಣೆ. 38 ವರ್ಷದ ಒಬ್ಬ ರೈತ ತೀರಿಕೊಂಡ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತಿಂಗಳ ದುಡಿಮೆ 15,000 ರೂಪಾಯಿ ಅಂತ ಕೋರ್ಟು ಒಪ್ಪಿತು ಅಂತಿಟ್ಟುಕೊಳ್ಳಿ. 2017ರ ಪ್ರಣಯ್ ಸೇಥಿ ತೀರ್ಪಿನ ಪ್ರಕಾರ ಸ್ವಂತ ದುಡಿಮೆಯವರಿಗೂ, 40 ವರ್ಷದ ಒಳಗಿದ್ದರೆ, ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆ 40 ಪರ್ಸೆಂಟ್ ಸೇರಿಸಬೇಕು. ಅಲ್ಲಿಗೆ 21,000. ಅವಲಂಬಿತರು ನಾಲ್ಕು ಜನ ಇರುವುದರಿಂದ ಸತ್ತವರ ಸ್ವಂತ ಖರ್ಚು ಅಂತ ನಾಲ್ಕನೇ ಒಂದು ಭಾಗ ಕಳೆಯಬೇಕು. ಉಳಿದದ್ದು 15,750. ವರ್ಷಕ್ಕೆ 1,89,000. ಅದಕ್ಕೆ ಗುಣಕ 15. ಒಟ್ಟು 28,35,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಖರ್ಚು, ಮನೆಯವರಿಗೆ ಸಂಗಾತಿ ಕಳೆದುಕೊಂಡ ಬಾಬ್ತು ಅಂತ ಇನ್ನಷ್ಟು. ಇದೇ ಲೆಕ್ಕದಲ್ಲಿ ದುಡಿಮೆ 15,000ದ ಬದಲು 8,000 ಅಂತ ಬರೆದುಬಿಟ್ಟರೆ ಎಷ್ಟಾಗುತ್ತೆ ಗೊತ್ತಾ? 15,12,000. ಒಂದು ಅಂಕಿ ತಪ್ಪಿದರೆ ಹದಿಮೂರು ಲಕ್ಷಕ್ಕೂ ಮೇಲೆ ಆ ಮಕ್ಕಳ ಕೈ ತಪ್ಪುತ್ತೆ. ಇಡೀ ಕೇಸಿನ ಜೀವ ಇರೋದು ಆ ದುಡಿಮೆಯ ಸಾಕ್ಷಿಯಲ್ಲಿ.

ಅಲ್ಲೇ ನಮ್ಮ ಸೋಲು ಕೂಡ. ನೌಕರರಿಗೆ ಸಂಬಳದ ಚೀಟಿ ಇರುತ್ತೆ. ನಮಗೆ ಏನಿದೆ? ಕೂಲಿಯವರಿಗೆ ಸಂಬಳ ಪತ್ರ ಇಲ್ಲದಿದ್ದರೂ ಅವರ ಮಾತನ್ನು ಸುಮ್ಮನೆ ತಳ್ಳಿಹಾಕಬಾರದು ಅಂತ 2011ರಲ್ಲಿ, ಅದೂ ನಮ್ಮ ಕರ್ನಾಟಕದಿಂದ ಹೋದ ಒಬ್ಬ ಕೂಲಿಕಾರರ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. 2004ರಲ್ಲಿ ಆದ ಅಪಘಾತಕ್ಕೆ ಅವರು ಹೇಳಿದ ತಿಂಗಳಿಗೆ 4,500 ರೂಪಾಯಿ ದುಡಿಮೆಯನ್ನು ಒಪ್ಪಿತು. ಮನೆ ನೋಡಿಕೊಳ್ಳುವ ಹೆಂಗಸಿನ ಕೆಲಸಕ್ಕೂ ಬೆಲೆ ಕಟ್ಟಲೇಬೇಕು ಅಂತ 2021ರ ಜನವರಿಯಲ್ಲಿ ಕೀರ್ತಿ ಕೇಸಿನಲ್ಲಿ ಹೇಳಿದೆ. ಆದರೂ ಕಾಗದ ಇದ್ದರೆ ಅದರ ತೂಕವೇ ಬೇರೆ.

ನಮ್ಮ ಸಂಘದಲ್ಲೇ ನಡೆದ ಒಂದು ಸಂಗತಿ ಹೇಳ್ತೀವಿ, ಹೆಸರು ಬೇಡ. ಒಬ್ಬ ಹೆಣ್ಣುಮಗಳು, ನಮ್ಮ ಸದಸ್ಯೆ, ಸಂಜೆ ಹಾಲು ಹಾಕಿ ವಾಪಸ್ ಹೋಗುವಾಗ ಗೂಡ್ಸ್ ವಾಹನ ಬಡಿದು ಹೋಗಿಬಿಟ್ಟರು. ಎರಡು ಹಸು ಕಟ್ಟಿ ಮನೆ ನಡೆಸುತ್ತಿದ್ದವರು ಅವರೇ. ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು, ಇವರು ಗೃಹಿಣಿ, ಆದಾಯ ಇಲ್ಲ, ಹಸು ಗಂಡನದು ಅಂದರು. ಮನೆಯವರ ಪರ ವಕೀಲರು ವಯಸ್ಸಿನಲ್ಲಿ ಚಿಕ್ಕವರು. ಅವರು ಹೊಲಕ್ಕೆ ಬಂದರು, ಕೊಟ್ಟಿಗೆ ನೋಡಿದರು, ಆಮೇಲೆ ಸೀದಾ ನಮ್ಮ ಡೈರಿಗೆ ಬಂದು ಕೂತರು. ಲೆಡ್ಜರ್ ಕೊಡಿ ಅಂದರು. ಕಾರ್ಯದರ್ಶಿಗಳು ಅಟ್ಟದ ಮೇಲಿಂದ ಹಳೇ ಪುಸ್ತಕಗಳನ್ನು ಇಳಿಸಿದರು. ಮೂರು ವರ್ಷದ ಲೆಕ್ಕ, ದಿನಕ್ಕೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ವಾರದ ಬಟವಾಡೆ ಎಷ್ಟು, ಎಲ್ಲ ಆ ಹೆಣ್ಣುಮಗಳ ಹೆಸರಿನಲ್ಲೇ ಇತ್ತು. ಸಮನ್ಸ್ ಬಂತು. ಕಾರ್ಯದರ್ಶಿಗಳು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಸಾಕ್ಷಿ ಹೇಳಿ ಬಂದರು. ನ್ಯಾಯಾಧೀಶರು ಪುಟ ತಿರುವಿ ತಿರುವಿ ನೋಡಿದರಂತೆ. ಕಡೆಗೆ ಆ ಲೆಕ್ಕವನ್ನು ಒಪ್ಪಿ ಆದೇಶ ಆಯಿತು. ಹೋದ ಜೀವ ಬರಲಿಲ್ಲ. ಆದರೆ ಆ ಮಕ್ಕಳು ಓದು ಬಿಡಲಿಲ್ಲ. ನಮ್ಮ ಡೈರಿ ಪುಸ್ತಕ ಬರೀ ಹಾಲಿನ ಲೆಕ್ಕ ಅಲ್ಲ, ಅದು ಹೆಣ್ಣುಮಕ್ಕಳ ದುಡಿಮೆಗೆ ಇರುವ ಸಾಕ್ಷಿ ಅಂತ ನಮಗೆಲ್ಲ ಗೊತ್ತಾದದ್ದು ಅವತ್ತು.

ಇದರ ವಿರುದ್ಧದ ಸಂಗತಿಯೂ ಇದೆ. ಇನ್ನೊಬ್ಬ ಸದಸ್ಯರ ಮಗ ಲಾರಿ ಹೊಡೆದು ಆಸ್ಪತ್ರೆ ಸೇರಿದ್ದ. ಆಪರೇಷನ್ ಆದ ಮಾರನೇ ದಿನವೇ ಒಬ್ಬ ಮನುಷ್ಯ ಮಂಚದ ಪಕ್ಕ ಬಂದು ನಿಂತ. ನಾವು ಎಲ್ಲ ನೋಡ್ಕೊಳ್ತೀವಿ, ಖರ್ಚಿಲ್ಲ, ದುಡ್ಡು ಬಂದಾಗ ಮೂವತ್ತು ಪರ್ಸೆಂಟ್ ಕೊಟ್ಟರೆ ಸಾಕು ಅಂದ. ತಂದೆ ಗಾಬರಿಯಲ್ಲಿದ್ದರು. ಖಾಲಿ ಹಾಳೆಗೆ, ಖಾಲಿ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಆಸ್ಪತ್ರೆಯ ಬಿಲ್ಲುಗಳನ್ನೂ ತೆಗೆದುಕೊಂಡು ಹೋದ. ಆಮೇಲೆ ಕೇಸು ಯಾವ ಕೋರ್ಟಿನಲ್ಲಿದೆ, ವಕೀಲರು ಯಾರು ಅಂತಲೇ ಇವರಿಗೆ ತಿಳಿಯಲಿಲ್ಲ. ಹುಡುಗ ಇನ್ನೂ ಊರುಗೋಲಿನಲ್ಲಿ ಓಡಾಡ್ತಾ ಇರುವಾಗಲೇ ಸ್ವಲ್ಪ ದುಡ್ಡಿಗೆ ರಾಜಿ ಆಗಿಹೋಗಿತ್ತು. ಎರಡನೇ ಆಪರೇಷನ್ನಿಗೆ ತಂದೆ ಹಸು ಮಾರಿದರು.

ಬಂಧುಗಳೇ, ಈ ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಗೆದ್ದರೆ ಇಷ್ಟು ಪಾಲು ಅಂತ ಕರಾರು ಮಾಡಿಕೊಳ್ಳುವುದಕ್ಕೆ ನಮ್ಮ ದೇಶದಲ್ಲಿ ವಕೀಲರಿಗೆ ಅವಕಾಶ ಇಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದಲ್ಲೇ ಅದಕ್ಕೆ ತಡೆ ಇದೆ. ಕೇಸು ಹುಡುಕಿಕೊಂಡು ಹೋಗುವುದು, ಏಜೆಂಟರನ್ನು ಬಿಡುವುದು ಕೂಡ ತಪ್ಪು. ಇಂಗ್ಲೆಂಡಿನಲ್ಲಿ ಗೆಲ್ಲದಿದ್ದರೆ ಫೀಸಿಲ್ಲ ಅನ್ನುವ ಪದ್ಧತಿಗೆ 1990ರ ಕಾಯ್ದೆಯಿಂದ ಅವಕಾಶ ಕೊಟ್ಟಿದ್ದಾರೆ, ನಮ್ಮಲ್ಲಿ ಅದಿಲ್ಲ. ಹಾಗಂತ ವಕೀಲರು ಬಿಟ್ಟಿ ಕೆಲಸ ಮಾಡಬೇಕು ಅಂತ ನಾವು ಹೇಳ್ತಾ ಇಲ್ಲ. ಒಂದು ಅಪಘಾತದ ಕೇಸು ಎರಡು ಮೂರು ವರ್ಷ ಎಳೆಯುತ್ತೆ. ಪೊಲೀಸ್ ಠಾಣೆ, ಆಸ್ಪತ್ರೆ, ಆರ್.ಟಿ.ಓ. ಕಚೇರಿ ಅಂತ ಅವರು ಅಲೆಯಬೇಕು. ಫೀಸು ಎಷ್ಟು ಅಂತ ಮೊದಲೇ ಮಾತಾಡಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ವಕೀಲರ ಮುಖ ನೋಡದೆ ವಕಾಲತ್ತಿಗೆ ಸಹಿ ಹಾಕಬೇಡಿ. ಕೇಸ್ ನಂಬರ್ ಬರೆದಿಟ್ಟುಕೊಳ್ಳಿ. ಪರಿಹಾರದ ಹಣ ನಿಮ್ಮ ಬ್ಯಾಂಕ್ ಖಾತೆಗೇ ಬರಲಿ.

ಫೀಸು ಕೊಡಲು ಶಕ್ತಿ ಇಲ್ಲದವರಿಗೆ ದಾರಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಆದಾಯ ಮಿತಿಯೊಳಗಿನ ಬಡವರು, ಇವರಿಗೆಲ್ಲ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಎಷ್ಟೇ ಜಮೀನಿರಲಿ, ಹೆಂಗಸು ಅನ್ನುವ ಒಂದೇ ಕಾರಣಕ್ಕೆ ಅರ್ಹಳು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. 15100 ನಂಬರಿಗೆ ಫೋನ್ ಮಾಡಿದರೂ ಆಗುತ್ತೆ. ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಂಡರೆ ಬೇಗ ಹಣ ಸಿಗುತ್ತೆ, ಒಳ್ಳೆಯದೇ. ಆದರೆ ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ. ಅದಕ್ಕೆ ಮುಂಚೆ ನಾವು ಆಗಲೇ ಹೇಳಿದ ಲೆಕ್ಕ ಮನೆಯಲ್ಲಿ ಕೂತು ಹಾಕಿ ನೋಡಿ, ಆಮೇಲೆ ಒಪ್ಪಿ.

ಈಗ ಅಪಘಾತ ಆದಾಗ ಮಾಡಬೇಕಾದ್ದು. ಮೊದಲು ಜೀವ, ಆಮೇಲೆ ಕೇಸು. 2016ರ ಫೆಬ್ರವರಿ 16ರಂದು ನಮ್ಮ ನೆಲಮಂಗಲದ ಹತ್ತಿರ ಹೆದ್ದಾರಿಯಲ್ಲಿ ಹರೀಶ್ ಅನ್ನುವ ಯುವಕ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಗಿ ಬಿದ್ದಿದ್ದು ನಿಮಗೆ ನೆನಪಿರಬಹುದು. ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಅಂದ ಆ ಹುಡುಗ, ಅವನ ಕಣ್ಣುಗಳನ್ನು ದಾನವಾಗಿ ಪಡೆದರು. ಅವನ ಹೆಸರಿನಲ್ಲೇ ಆ ವರ್ಷ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದು, ಗಾಯಾಳುವಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಚಿಕಿತ್ಸೆ ಕೊಡುವ ವ್ಯವಸ್ಥೆ ಮಾಡಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಯೋಜನೆ ಪ್ರಕಟಿಸಿದೆ. ಅದರಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯಷ್ಟು ಚಿಕಿತ್ಸೆ ಕೈಯಿಂದ ಹಣ ಕಟ್ಟದೆ ಸಿಗಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸರು ನಮ್ಮನ್ನೇ ಹಿಡಿದುಕೊಳ್ತಾರೆ ಅನ್ನುವ ಭಯ ಬಿಡಿ. ಸಹಾಯ ಮಾಡಿದವರಿಗೆ ರಕ್ಷಣೆ ಕೊಡುವ ನಿಯಮ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲೇ ಸೇರಿದೆ. ಹೆಸರು ಹೇಳಬೇಕು ಅಂತ ಬಲವಂತ ಮಾಡುವ ಹಾಗಿಲ್ಲ.

ಆಮೇಲೆ ದೂರು. ಆಸ್ಪತ್ರೆಯಲ್ಲಿ ಹೇಗಾಯಿತು ಅಂತ ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿ. ಪೊಲೀಸ್ ಕೇಸ್ ಬೇಡ ಅಂತ ಬೈಕಿನಿಂದ ತಾನೇ ಬಿದ್ದ ಅಂತ ಬರೆಸಿದರೆ ಮುಂದೆ ಅದೇ ಕಾಗದ ನಿಮಗೆ ಉರುಳು. ವಾಹನದ ನಂಬರ್ ಗುರುತು ಮಾಡಿಕೊಳ್ಳಿ, ಎಫ್.ಐ.ಆರ್. ಬೇಗ ಮಾಡಿಸಿ. ತಡವಾದರೆ ಬೇರೆ ವಾಹನ ತಂದು ಸೇರಿಸಿದ್ದಾರೆ ಅನ್ನುವ ವಾದ ಬರುತ್ತೆ. ಚಿಕಿತ್ಸೆಯ ಕಾರಣದಿಂದ ತಡವಾದರೆ ಅದೊಂದೇ ಕಾರಣಕ್ಕೆ ಕೇಸು ಬೀಳಬಾರದು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೂ ಅವಕಾಶ ಕೊಡೋದ್ಯಾಕೆ? 2022ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಪೊಲೀಸರು ನ್ಯಾಯಮಂಡಳಿಗೆ 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ವಿವರವಾದ ವರದಿ ಕೊಡಬೇಕು.

ಅದೇ ದಿನದಿಂದ ಇನ್ನೊಂದು ಮುಖ್ಯ ಬದಲಾವಣೆ ಆಗಿದೆ. ಪರಿಹಾರದ ಅರ್ಜಿಯನ್ನು ಅಪಘಾತ ಆದ ಆರು ತಿಂಗಳೊಳಗೆ ಹಾಕಬೇಕು ಅನ್ನುವ ನಿಯಮ ಬಂತು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಅದನ್ನು ನಂಬಿ ಕೂರಬೇಡಿ. ಹಿಂದಿನವರು ವರ್ಷ ತುಂಬಿದ ಮೇಲೆ ಹಾಕಿದರು, ನಾವೂ ಹಾಕೋಣ ಅಂತ ಕೂತರೆ ಕೆಟ್ಟಿರಿ. ತಿಥಿ ಮುಗಿದ ಮೇಲೆ ಮಾಡುವ ಮೊದಲ ಕೆಲಸ ಇದಾಗಲಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸ ಇರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.

ತಪ್ಪು ಯಾರದು ಅಂತ ಸಾಬೀತು ಮಾಡುವ ಗೋಜಿಲ್ಲದೆ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳುವ ದಾರಿಯೂ ಕಾಯ್ದೆಯಲ್ಲಿದೆ. ಹೊಡೆದ ವಾಹನ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಯೋಜನೆ 2022ರಿಂದ ಇದೆ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ, ಕಂದಾಯ ಇಲಾಖೆಯ ಅಧಿಕಾರಿಗೆ ಅರ್ಜಿ ಕೊಡಬೇಕು. ವಾಹನ ಸಿಗಲಿಲ್ಲ, ಇನ್ನೇನು ಮಾಡೋದು ಅಂತ ಸುಮ್ಮನಾದ ಮನೆಗಳು ನಮ್ಮ ಸುತ್ತ ಇವೆ.

ಬೈಕಿನಲ್ಲಿ ಮೂರು ಜನ ಹೋಗುತ್ತಿದ್ದರು ಅಂತ ಪರಿಹಾರ ಕಡಿತ ಮಾಡುವ ವಾದವೂ ಬರುತ್ತೆ. ಮೂರು ಜನ ಕೂತದ್ದೇ ಅಪಘಾತಕ್ಕೆ ಕಾರಣ ಅಂತ ತೋರಿಸದ ಹೊರತು ಹಾಗೆ ಕಡಿಯಬಾರದು ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಮೂರು ಜನ ಹೋಗೋಕೆ ಪರವಾನಗಿ ಅಂತ ಹುಡುಗರು ತಿಳಿಯಬಾರದು. ಹೆಲ್ಮೆಟ್ ಹಾಕಿ.

ಇಲ್ಲಿವರೆಗೆ ನಮಗೆ ಬರಬೇಕಾದ್ದು ಹೇಳಿದೆವು. ನಾವು ಕೊಡಬೇಕಾದ್ದೂ ಹೇಳಬೇಕಲ್ಲ. ನಮ್ಮ ಮನೆಗಳಲ್ಲಿ ಟ್ರ್ಯಾಕ್ಟರ್ ಇವೆ. ಸಾಲ ತೆಗೆದ ವರ್ಷ ವಿಮೆ ಇರುತ್ತೆ, ಸಾಲ ತೀರಿದ ಮೇಲೆ ಬಹಳ ಜನ ಕಟ್ಟುವುದಿಲ್ಲ. ವಿಮೆ ಇಲ್ಲದ ಟ್ರ್ಯಾಕ್ಟರ್ ಒಬ್ಬರಿಗೆ ತಗುಲಿದರೆ ಇಪ್ಪತ್ತು ಮೂವತ್ತು ಲಕ್ಷ ಮಾಲೀಕರೇ ಕೊಡಬೇಕು, ಇಲ್ಲದಿದ್ದರೆ ಜಮೀನು ಜಪ್ತಿಗೆ ಬರುತ್ತೆ. ಎಂಜಿನ್ನಿಗೆ ಬೇರೆ, ಟ್ರೈಲರಿಗೆ ಬೇರೆ ವಿಮೆ ಇದೆಯಾ ನೋಡಿ. ಮಡ್‌ಗಾರ್ಡ್ ಮೇಲೆ ಜನ ಕೂರಿಸಿಕೊಂಡು ಹೋಗಬೇಡಿ. ಟ್ರ್ಯಾಕ್ಟರಿನಲ್ಲಿ ಡ್ರೈವರಿಗೆ ಬಿಟ್ಟರೆ ಬೇರೆಯವರಿಗೆ ಸೀಟಿಲ್ಲ, ವಿಮಾ ಕಂಪನಿ ಜವಾಬ್ದಾರಿ ತಪ್ಪಿಸಿಕೊಳ್ಳುತ್ತೆ. ಪಾಲಿಸಿ ಷರತ್ತು ಮುರಿದ ಕೆಲವು ಸಂದರ್ಭಗಳಲ್ಲಿ ಕಂಪನಿ ಮೊದಲು ನೊಂದವರಿಗೆ ಹಣ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಬೇಕು ಅಂತ 2020ರಲ್ಲಿ ನಮ್ಮ ಹೈಕೋರ್ಟಿನ ಪೂರ್ಣಪೀಠ ಹೇಳಿದೆ. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ನಾವು ಮೊದಲು ಹೇಳಿದ ವೆಂಕಟರಾಮಯ್ಯನವರ ಮಗಳು, 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ನೊಂದವರಿಗೆ ಅದು ಆಸರೆ. ಆದರೆ ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕರಿಗೆ ವಸೂಲಿ ತಪ್ಪಿದ್ದಲ್ಲ. ಹದಿನೆಂಟು ತುಂಬದ ಮಕ್ಕಳಿಗೆ ಬೈಕ್ ಕೊಡುವ ತಂದೆಯವರೇ, 2019ರ ತಿದ್ದುಪಡಿಯಂತೆ ಅದಕ್ಕೆ ನಿಮಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ರಸ್ತೆ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುವುದೂ ಬಿಡಬೇಕು. ಹುರುಳಿ ಕಾಳಿನ ಮೇಲೆ ಬೈಕ್ ಜಾರಿ ಬಿದ್ದವರೂ ನಮ್ಮಂಥ ರೈತರ ಮಕ್ಕಳೇ.

ರಸ್ತೆ ಅಲ್ಲದ ಅಪಘಾತಗಳ ಬಗ್ಗೆ ಎರಡು ಮಾತು. ಹೊಲದಲ್ಲಿ ವಿದ್ಯುತ್ ತಂತಿ ತುಂಡಾಗಿ ಬಿದ್ದು ಜನ, ದನ ಸತ್ತರೆ, ಅಪಾಯಕಾರಿ ವಸ್ತು ಇಟ್ಟುಕೊಂಡ ಸಂಸ್ಥೆಯೇ ಹೊಣೆ, ಅಜಾಗರೂಕತೆ ಸಾಬೀತು ಮಾಡಬೇಕಿಲ್ಲ ಅಂತ 2002ರಲ್ಲಿ ಮಧ್ಯಪ್ರದೇಶದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಗಾರ್ಮೆಂಟ್ಸ್, ಮಗ್ಗ, ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಕೆಲಸದ ವೇಳೆ ಗಾಯವಾದರೆ 1923ರ ಕಾಲದಿಂದಲೂ ಪರಿಹಾರದ ಕಾನೂನು ಇತ್ತು. 2025ರ ನವೆಂಬರಿನಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.

ಕಡೆಯದಾಗಿ ಸಂಘದ ವಿಚಾರ. ವಿಮೆ ಅಂದರೇನು? ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದ ಹಣದಲ್ಲಿ ಬಿದ್ದವನನ್ನು ಎತ್ತುವುದು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಇದೇ ತತ್ವದ ಮೇಲೆ. ಆದ್ದರಿಂದ ಈ ಕೆಲಸ ನಮ್ಮದೇ. ಬೆಳ್ಳಿಹಬ್ಬದ ನೆನಪಿಗೆ ನಮ್ಮ ಆಡಳಿತ ಮಂಡಳಿ ಮೂರು ತೀರ್ಮಾನ ಮಾಡಿದೆ. ಒಂದು, ಸದಸ್ಯರ ಹಾಲಿನ ಲೆಕ್ಕದ ಹಳೇ ಪುಸ್ತಕಗಳನ್ನು ರದ್ದಿಗೆ ಹಾಕದೆ ಬೀರುವಿನಲ್ಲಿ ಜೋಪಾನ ಮಾಡುವುದು, ಅಪಘಾತದ ಕೇಸಿಗೆ ಬೇಕು ಅಂದವರಿಗೆ ದಾಖಲೆ ಉಚಿತವಾಗಿ ಕೊಡುವುದು. ಎರಡು, ಹಸು ಯಾರು ಸಾಕುತ್ತಾರೋ, ಹಾಲು ಯಾರು ಕರೆಯುತ್ತಾರೋ ಅವರ ಹೆಸರಿನಲ್ಲೇ ಸದಸ್ಯತ್ವ, ಪಾಸ್‌ಬುಕ್ ಮಾಡಿಸುವುದು. ಮೂರು, ವರ್ಷಕ್ಕೊಮ್ಮೆ ತಾಲ್ಲೂಕು ಕಾನೂನು ಸೇವಾ ಸಮಿತಿಯವರನ್ನು ಕರೆಸಿ ಅರಿವು ಶಿಬಿರ ಮಾಡುವುದು, ಅವತ್ತೇ ಎಲ್ಲರ ಟ್ರ್ಯಾಕ್ಟರ್, ಬೈಕಿನ ವಿಮೆ ದಿನಾಂಕ ನೋಡುವುದು.

ಈ ಊರಿನ ಮಕ್ಕಳಲ್ಲಿ ಕಾನೂನು ಓದುತ್ತಿರುವವರು ಇದ್ದೀರಿ. ನಿಮಗೊಂದು ಮಾತು. ಜಮೀನು ವ್ಯಾಜ್ಯದಲ್ಲಿ ದುಡ್ಡು ಹೆಚ್ಚು ಅಂತ ಎಲ್ಲರೂ ಆ ಕಡೆಗೇ ಹೋಗಬೇಡಿ. ಕೊಟ್ಟಿಗೆಗೆ ಬಂದು, ಡೈರಿಗೆ ಬಂದು ಕೂತು ಒಂದು ಹೆಣ್ಣುಮಗಳ ದುಡಿಮೆಗೆ ಲೆಕ್ಕ ಹಿಡಿದರಲ್ಲ, ಆ ಥರದ ವಕೀಲರು ನಾಲ್ಕು ತಾಲ್ಲೂಕಿಗೆ ನಾಲ್ಕು ಜನ ಇದ್ದರೂ ಎಷ್ಟೋ ಮನೆ ನಿಲ್ಲುತ್ತೆ.

 ಸಂಜೆ ಹಾಲು ಕರೆಯುವ ಹೊತ್ತಾಯಿತು. ಮನೆಗೆ ಹೋಗುವಾಗ ರಸ್ತೆಯ ಎರಡೂ ಕಡೆ ನೋಡಿ ದಾಟಿ ಅಂತ ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.